ಡಾರ್ಸಿ ಇರಲಿ, ಶಾರ್ಲಟ್ ಹೇಗಿದ್ದಾಳೆ ನೋಡಿ

ನೀವು ಕೇಳಿದ್ದು ಇಷ್ಟು: ಜೇನ್ ಆಸ್ಟೆನ್ ಅವರ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಕಾದಂಬರಿ ಓದಿ ಮುಗಿಸಿದ್ದೀರಿ, ಈಗ 1995ರ ಸೀರಿಯಲ್ ನೋಡಲೋ, 2005ರ ಸಿನಿಮಾ ನೋಡಲೋ? ಜೊತೆಗೆ, ಐಶ್ವರ್ಯಾ ರೈ ಮಾಡಿದ್ದು ನೋಡುವ ಹಾಗಿದೆಯಾ?

ಒಂದೇ ನೋಡುವುದು ಅಂತಾದರೆ 1995ರ ಬಿಬಿಸಿ ಸೀರಿಯಲ್ ನೋಡಿ. ಆರು ಕಂತು, ಹತ್ತಿರ ಹತ್ತಿರ ಐದೂವರೆ ಗಂಟೆ. ಎಲ್ಲರೂ ನಾಯಕ ಡಾರ್ಸಿ ಆಗಿರುವ ಕಾಲಿನ್ ಫರ್ತ್‌ಗಾಗಿ ನೋಡಿ ಅನ್ನುತ್ತಾರೆ. ನನ್ನ ಕಾರಣ ಬೇರೆ. ಅದನ್ನು ತೋರಿಸಿಕೊಟ್ಟದ್ದು ನನ್ನ ಅಜ್ಜಿ.

ಕಾಪು ಹತ್ತಿರ ನಮ್ಮ ಕುಟುಂಬದ ಮನೆ. ಒಂದು ಆಟಿ ತಿಂಗಳು (ಜುಲೈ-ಆಗಸ್ಟ್), ಹೊರಗೆ ಕಾಲಿಡಲಾಗದ ಮಳೆ. ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಅಜ್ಜಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಹಾಗಾಗಿ ಅಲ್ಲಲ್ಲಿ ನಾನೇ ಕತೆ ಹೇಳುತ್ತಿದ್ದೆ. ಈ ಬೆನೆಟ್‌ರ ಮನೆಯಲ್ಲಿ ಐವರು ಹೆಣ್ಣುಮಕ್ಕಳು, ಗಂಡು ಸಂತಾನ ಇಲ್ಲ, ಅಪ್ಪ ಸತ್ತರೆ ಮನೆ ಆಸ್ತಿ ಎಲ್ಲ ಕಾಲಿನ್ಸ್ ಅನ್ನುವ ದಾಯಾದಿಗೆ ಹೋಗುತ್ತದೆ ಅಂದೆ. ಅಜ್ಜಿಯ ಕೈ ಅಲ್ಲೇ ನಿಂತಿತು. "ದಾಯೆಗ್?" ಅಂದರು. ತುಳುವಿನಲ್ಲಿ ಯಾಕೆ ಅಂತ.

ಅವರು ತಮಾಷೆಗೆ ಕೇಳಿದ್ದಲ್ಲ. ನಾವು ಬಂಟರು, ಅಳಿಯಕಟ್ಟಿನವರು. ಅಜ್ಜಿ ಚಿಕ್ಕವರಿದ್ದಾಗ ಮನೆ ಇಳಿಯುತ್ತಿದ್ದದ್ದು ಹೆಣ್ಣಿನ ಕಡೆಯಿಂದ. ಗಂಡಸಿನ ಪಾಲು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಬೆನೆಟ್ ಸಂಸಾರ ಇಲ್ಲಿ ಇದ್ದಿದ್ದರೆ ತಾಯಿಯ ಮನೆ ಆ ಐವರದ್ದೇ ಆಗಿರುತ್ತಿತ್ತು. ಬೆನೆಟ್ ಸಾಹೇಬರೇ ನೆಂಟರ ಹಾಗೆ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿರಬೇಕಿತ್ತು! (ಹಾಗಂತ ನಮ್ಮಲ್ಲಿ ಹೆಂಗಸರದ್ದೇ ದರ್ಬಾರು ಅಂದುಕೊಳ್ಳಬೇಡಿ. ಯಜಮಾನಿಕೆ ಹೆಚ್ಚಾಗಿ ಸೋದರಮಾವಂದಿರ ಕೈಯಲ್ಲೇ ಇತ್ತು. 1949ರ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿದ ಮೇಲೆ ಕೋರ್ಟು ಕಚೇರಿಯೂ ಬೇಕಾದಷ್ಟು ಆಗಿದೆ.)

ಆವತ್ತಿನಿಂದ ಈ ಕತೆಯನ್ನು ಯಾರು ತೆರೆಗೆ ತಂದರೂ ನಾನು ಹುಡುಕುವುದು ಒಂದನ್ನೇ. ಮನೆ ಕೈ ತಪ್ಪುತ್ತದೆ ಅನ್ನುವ ಹೆದರಿಕೆ ಅದರಲ್ಲಿ ಇದೆಯಾ? ಅದಿಲ್ಲದಿದ್ದರೆ ಮಿಸೆಸ್ ಬೆನೆಟ್ ಸುಮ್ನೆ ಬೊಬ್ಬೆ ಹಾಕುವ ಹೆಂಗಸಾಗುತ್ತಾಳೆ. ಎರಡನೇ ಮಗಳು ಎಲಿಜಬೆತ್ ಕಾಲಿನ್ಸ್‌ನನ್ನು ಮದುವೆಗೆ ಬೇಡ ಅಂದದ್ದು ಬರೀ ನಗೆಯಲ್ಲಿ ಮುಗಿಯುತ್ತದೆ. ಅವಳು ಹ್ಞೂಂ ಅಂದಿದ್ದರೆ ಅಮ್ಮ, ಅಕ್ಕತಂಗಿಯರಿಗೆಲ್ಲ ಸೂರು ಉಳಿಯುತ್ತಿತ್ತು, ಅಲ್ವಾ?

ಸೀರಿಯಲ್‌ಗೆ ಚಿತ್ರಕತೆ ಬರೆದವರು ಆ್ಯಂಡ್ರೂ ಡೇವಿಸ್. ಸಮಯ ಧಾರಾಳ ಇದ್ದುದರಿಂದ ಅವರು ದುಡ್ಡಿನ ಲೆಕ್ಕವನ್ನು ನುಂಗಿಹಾಕಿಲ್ಲ. ಡಾರ್ಸಿಗೆ ವರ್ಷಕ್ಕೆ 10,000 ಪೌಂಡು, ಬೆನೆಟ್‌ರಿಗೆ 2,000. ಈ ಅಂತರ ಒಮ್ಮೆ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಅಲಿಸನ್ ಸ್ಟೆಡ್‌ಮನ್ ಅವರ ಮಿಸೆಸ್ ಬೆನೆಟ್ ಕಿರುಚುವುದು ಜಾಸ್ತಿ ಆಯಿತು ಅಂತ ನನಗೆ ಅನ್ನಿಸಿತು. ಅಜ್ಜಿಗೆ ಹಾಗನ್ನಿಸಲಿಲ್ಲ. ಐದು ಮಕ್ಕಳನ್ನು ಇಟ್ಟುಕೊಂಡು ಅವಳು ಇನ್ನೇನು ಮಾಡಬೇಕು ಅಂದರು.

ಅಜ್ಜಿಗೆ ಎಲ್ಲರಿಗಿಂತ ಹಿಡಿಸಿದವಳು ಶಾರ್ಲಟ್. ಎಲಿಜಬೆತ್ ಬಿಟ್ಟ ಕಾಲಿನ್ಸ್‌ನನ್ನು ಮದುವೆಯಾದ ಗೆಳತಿ. ಮೂರನೇ ಕಂತಿನಲ್ಲಿ ಎಲಿಜಬೆತ್ ಅವಳ ಮನೆಗೆ ಹೋಗುತ್ತಾಳೆ. ಗಂಡನನ್ನು ತೋಟದ ಕೆಲಸಕ್ಕೆ ಹುರಿದುಂಬಿಸುತ್ತೇನೆ, ಎಷ್ಟೋ ದಿನ ನಾವಿಬ್ಬರು ಜೊತೆಗಿರುವುದು ಕೆಲವೇ ನಿಮಿಷ ಅಂತ ಶಾರ್ಲಟ್ ನಗುಮುಖದಿಂದಲೇ ಹೇಳುತ್ತಾಳೆ. ಅದನ್ನು ತುಳುವಿನಲ್ಲಿ ಹೇಳಿದಾಗ ಅಜ್ಜಿ ಬೀಜದ ತಟ್ಟೆ ಕೆಳಗಿಟ್ಟು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

2005ರ ಸಿನಿಮಾ ಕಡಿಮೆ ಅಂತ ನಾನು ಹೇಳುತ್ತಿಲ್ಲ. ನಿರ್ದೇಶಕ ಜೋ ರೈಟ್ ಎರಡು ಗಂಟೆ ಚಿಲ್ಲರೆಯಲ್ಲಿ ಕತೆ ಮುಗಿಸಬೇಕಿತ್ತು. ಅದೇ ಶಾರ್ಲಟ್ ಇಲ್ಲಿ ನೇರವಾಗಿ ಹೇಳಿಬಿಡುತ್ತಾಳೆ: ವಯಸ್ಸು 27, ದುಡ್ಡಿಲ್ಲ, ಅಪ್ಪ ಅಮ್ಮನಿಗೆ ಹೊರೆ, ಹೆದರಿಕೆ ಆಗುತ್ತಿದೆ. ಪುಸ್ತಕದ ಶಾರ್ಲಟ್ ಇಷ್ಟು ಬಾಯಿಬಿಟ್ಟು ಹೇಳುವವಳಲ್ಲ. ಆದರೂ ಆ ಒಂದು ನಿಮಿಷ ಎದೆಗೆ ನಾಟುತ್ತದೆ. ಬೆನೆಟ್‌ರ ಮನೆಯೂ ಇಲ್ಲಿ ನಿಜವಾದ ಮನೆ. ಅಂಗಳದಲ್ಲಿ ಕೆಸರು, ಒಳಗೆ ನಡೆದುಕೊಂಡು ಹೋಗುವ ಹಂದಿ. ನನ್ನ ತಕರಾರು ಮಳೆಯ ದೃಶ್ಯದ್ದು. ಡಾರ್ಸಿ ಮೊದಲ ಸಲ ಮದುವೆ ಪ್ರಸ್ತಾಪ ಮಾಡುವುದು ಪುಸ್ತಕದಲ್ಲಿ ಕಾಲಿನ್ಸ್ ಮನೆಯ ಕೋಣೆಯೊಳಗೆ. ಸೀರಿಯಲ್‌ನಲ್ಲೂ ಹಾಗೆಯೇ. ಇಕ್ಕಟ್ಟು ಜಾಗ, ಫರ್ತ್ ಕೂರಲಾರ, ನಿಲ್ಲಲಾರ. ಎಲಿಜಬೆತ್ ಆಗಿರುವ ಜೆನಿಫರ್ ಈಲ್ ಕೂತಲ್ಲಿಂದಲೇ ಬಿಸಿಯಾಗುತ್ತಾ ಹೋಗುತ್ತಾರೆ. ಸಿನಿಮಾದಲ್ಲಿ ಅದು ಹೊರಗೆ, ಧಾರಾಕಾರ ಮಳೆಯಲ್ಲಿ. ನೋಡಲು ಚಂದವೇ. ಆದರೆ ನಮ್ಮೂರ ಮಳೆಯಲ್ಲಿ ಅಷ್ಟು ಸ್ಪಷ್ಟವಾಗಿ ಜಗಳ ಆಡಲು ಆಗುವುದಿಲ್ಲ ಮಾರಾಯ್ರೆ, ಅರ್ಧ ಮಾತು ಕೇಳಿಸುವುದೇ ಇಲ್ಲ.

ಅಂದ ಹಾಗೆ, ಫರ್ತ್ ಕೆರೆಗೆ ಹಾರಿ ಒದ್ದೆ ಅಂಗಿಯಲ್ಲಿ ಎದುರಾಗುವುದು, 2005ರ ಡಾರ್ಸಿ ಮ್ಯಾಕ್‌ಫೇಡಿಯನ್ ಎಲಿಜಬೆತ್‌ಳನ್ನು ಗಾಡಿಗೆ ಹತ್ತಿಸಿ ತನ್ನ ಬೆರಳು ಅಗಲಿಸುವುದು, ಜನ ಹುಚ್ಚುಕಟ್ಟಿ ಹಂಚಿಕೊಳ್ಳುವ ಈ ಎರಡೂ ಪುಸ್ತಕದಲ್ಲಿ ಇಲ್ಲ. ನೀವು ಓದಿದ್ದೀರಿ, ಗಮನಿಸಿರುತ್ತೀರಿ.

1940ರ ಹಾಲಿವುಡ್ ಸಿನಿಮಾ ಬಿಟ್ಟರೂ ನಷ್ಟ ಇಲ್ಲ. ಡಾರ್ಸಿಯಾಗಿ ಲಾರೆನ್ಸ್ ಒಲಿವಿಯರ್ ಇದ್ದಾರೆ ನಿಜ. ಆದರೆ ಕೊನೆಗೆ ಡಾರ್ಸಿಯ ತಾಯಿಯ ಸೋದರಿ, ಜಂಬದ ಲೇಡಿ ಕ್ಯಾಥರಿನ್‌ಳನ್ನೇ ಒಳ್ಳೆಯವಳನ್ನಾಗಿ ಮಾಡಿ ಕತೆಯ ಖಾರವನ್ನೇ ತೆಗೆದಿದ್ದಾರೆ.

ಇನ್ನು 2004ರ ‘ಬ್ರೈಡ್ ಆ್ಯಂಡ್ ಪ್ರೆಜುಡಿಸ್’. ಐಶ್ವರ್ಯಾ ಹುಟ್ಟಿದ್ದು ಮಂಗಳೂರಿನಲ್ಲಿ, ಹಾಗಾಗಿ ನಮ್ಮ ಮನೆಯಲ್ಲಿ ಅದನ್ನು ನೋಡದೆ ಬಿಡುವ ಹಾಗಿರಲಿಲ್ಲ. ನಿರ್ದೇಶಕಿ ಗುರಿಂದರ್ ಚಡ್ಢಾ ಕತೆಯನ್ನು ಅಮೃತಸರಕ್ಕೆ ತಂದಿದ್ದಾರೆ. ಮಕ್ಕಳು ಐವರ ಬದಲು ನಾಲ್ವರು, ಕಾಲಿನ್ಸ್ ಬದಲು ಅಮೆರಿಕದಿಂದ ಹೆಣ್ಣು ನೋಡಲು ಬಂದ ಕೊಹ್ಲಿ. ಈ ಕೊಹ್ಲಿಯಂಥವರನ್ನು ನಮ್ಮೂರ ಮದುವೆ ಹಾಲ್‌ಗಳಲ್ಲೂ ನೋಡಿದ್ದೇನೆ, ಹಾಗಾಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ಇಲ್ಲಿ ಮನೆ ಹೋಗುವ ಭಯವೇ ಇಲ್ಲ. ಫಾರಿನ್ ಅಳಿಯನ ಆಸೆ ಇದೆ, ಅಷ್ಟೇ. ಐಶ್ವರ್ಯಾ ಉಟ್ಟದ್ದು ಚಂದ ಇದೆ ಅಂದ ಅಜ್ಜಿ ಇಂಟರ್ವಲ್‌ಗೆ ಮೊದಲೇ ನಿದ್ದೆ ಹೋದರು.

ಸೀರಿಯಲ್ ಶುರು ಮಾಡಿದರೆ ಸಬ್‌ಟೈಟಲ್ ಹಾಕಿಕೊಳ್ಳಿ. ಮೊದಲ ಕಂತು ಸ್ವಲ್ಪ ನಿಧಾನ ಅನ್ನಿಸಬಹುದು, ಅಲ್ಲಿಗೇ ಬಿಡಬೇಡಿ. ಕಾಲಿನ್ಸ್ ಬರುವುದೇ ಎರಡನೆಯದರಲ್ಲಿ.