ಸುಣ್ಣದ ಕಲ್ಲಿನ ಮೇಲೆ ಕಾಲಿಡುವ ಮುನ್ನ

ಬೇಸಿಗೆಗೆ ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೊರಟವರು ಈ ಸಲ ಕೇಳಿರುವುದೆಲ್ಲ ಬಹುಪಾಲು ಯಾರ್ಕ್‌ಷೈರ್ ಡೇಲ್ಸ್ ಬಗ್ಗೆ. ಅಲ್ಲಿಯವರ ಮಾತಿನಲ್ಲಿ ಡೇಲ್ ಎಂದರೆ ಕಣಿವೆ. ತಳದಲ್ಲಿ ಹೊಳೆ, ಇಕ್ಕೆಲಗಳಲ್ಲಿ ಕುರಿ ಮೇಯುವ ಹುಲ್ಲುಗಾವಲು, ನೆತ್ತಿಯಲ್ಲಿ ಬೋಳು ಸುಣ್ಣದ ಕಲ್ಲಿನ ಬಯಲು. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಮಗ ಲೀಡ್ಸ್‌ನಲ್ಲಿದ್ದಾನೆ. ನನಗೆ 62, ನಮ್ಮ ಮನೆಯವರಿಗೆ 66. ದಿನಾ ನಾಲ್ಕು ಕಿ.ಮೀ. ನಡೆಯುವ ಅಭ್ಯಾಸ ಇದೆ, ಆದರೆ ಇಬ್ಬರಿಗೂ ಮಂಡಿನೋವು ಸ್ವಲ್ಪ ಉಂಟು. ಕಣಿವೆ, ಬಂಡೆಬಯಲು ಎರಡನ್ನೂ ಒಂದೇ ದಿನದಲ್ಲಿ ನೋಡುವ ಹಾದಿ ಯಾವುದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮ್ಯಾಲಮ್ ಸುತ್ತುಹಾದಿ. (ಬರೆಯುವಾಗ ನಡುವೆ ‘ಹ’ ಇದೆ, ಕರೆಯುವಾಗ ಇಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ನೆನಪಿರಲಿ.) ಲೀಡ್ಸ್‌ನಿಂದ ಸ್ಕಿಪ್ಟನ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿಂದ ಮ್ಯಾಲಮ್‌ಗೆ ಬಸ್ಸು ದಿನಕ್ಕೆ ಬೆರಳೆಣಿಕೆಯಷ್ಟು. ಹೋಗುವ ಬಸ್ಸಿಗಿಂತ ಮೊದಲು ಬರುವ ಬಸ್ಸಿನ ಹೊತ್ತು ನೋಡಿಕೊಳ್ಳಿ, ಆಮೇಲೆ ದಿನ ಗೊತ್ತುಮಾಡಿ.

ಸುತ್ತು ಒಟ್ಟು ಸುಮಾರು 8 ಕಿ.ಮೀ. ಹೆಚ್ಚಿನವರು ಇದನ್ನು ಜಾನೆಟ್ಸ್ ಫಾಸ್ ಎಂಬ ಪುಟ್ಟ ಜಲಪಾತದಿಂದ ಶುರುಮಾಡಿ ಮ್ಯಾಲಮ್ ಕೋವ್ ಎಂಬ ದೊಡ್ಡ ಬಂಡೆಗೋಡೆಯಲ್ಲಿ ಮುಗಿಸುತ್ತಾರೆ. ಮಂಡಿನೋವು ಇದ್ದವರು ತಿರುಗಿಸಿ ಹೋಗಬೇಕು. ಕಾರಣ, ಕೋವ್‌ನ ಪಶ್ಚಿಮ ಬದಿಗೆ ಸುಮಾರು 400 ಕಲ್ಲು ಮೆಟ್ಟಿಲುಗಳಿವೆ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಬೆಳಿಗ್ಗೆ ಹತ್ತಿದರೆ ಎದೆಗೆ ಕೆಲಸ, ಸಂಜೆ ಇಳಿದರೆ ಮಂಡಿಗೆ ಕೆಲಸ. ಎದೆಗೆ ಕೊಡುವ ಕೆಲಸ ನಿಂತು ಸುಧಾರಿಸಿಕೊಂಡರೆ ಸರಿಹೋಗುತ್ತದೆ, ಮಂಡಿಯದ್ದು ಹಾಗಲ್ಲ.

ಊರಿನಿಂದ ಉತ್ತರಕ್ಕೆ ರಸ್ತೆಯಲ್ಲೇ ಸ್ವಲ್ಪ ನಡೆದು, ಬಲಕ್ಕೆ ಗೇಟು ದಾಟಿ ಹಳ್ಳದ ಬದಿಯ ಹಾದಿ ಹಿಡಿದರೆ ಕೋವ್‌ನ ಬುಡ ಸಿಗುತ್ತದೆ. 80 ಮೀಟರ್ ಎತ್ತರ, 300 ಮೀಟರ್ ಅಗಲದ, ಮೊರದಂತೆ ಬಾಗಿದ ಬಿಳಿ ಗೋಡೆ ಅದು. ನಮ್ಮ ಯಾಣದ ಭೈರವೇಶ್ವರ ಶಿಖರ ಇದಕ್ಕಿಂತ ಎತ್ತರ, ಅದೂ ಸುಣ್ಣದ ಕಲ್ಲೇ. ಆದರೆ ಯಾಣ ಕಾಡಿನ ನಡುವೆ ಕಪ್ಪಗೆ ಚೂಪಾಗಿ ನಿಂತರೆ ಇದು ಬಯಲಲ್ಲಿ ಬೆಳ್ಳಗೆ ಹರಡಿಕೊಂಡಿದೆ. ಬುಡ ನೋಡಿ ಎಡಗಡೆಯ ಮೆಟ್ಟಿಲು ಹತ್ತಿ, ಮೇಲಿನ ಬಂಡೆಹಾಸನ್ನು ಪೂರ್ವಕ್ಕೆ ದಾಟಿ, ಹುಲ್ಲುಗಾವಲುಗಳ ನಡುವೆ ಗಾರ್ಡೇಲ್ ಸೇತುವೆಯ ಕಡೆಗೆ ಇಳಿಯಿರಿ. ಸೇತುವೆಯ ಬಳಿ ಎಡಕ್ಕೆ ಹೋದರೆ ಗಾರ್ಡೇಲ್ ಸ್ಕಾರ್ ಎಂಬ ಕಡಿದಾದ ಕೊರಕಲು. ಅದರೊಳಗೆ ಜಲಪಾತದ ಪಕ್ಕ ಬಂಡೆ ಹತ್ತುವವರನ್ನು ಕಾಣುತ್ತೀರಿ. ಅದು ಕೈಕಾಲು ಎರಡೂ ಬಳಸಿ ಏರುವ ಜಾಗ, ನಿಮಗೆ ಬೇಡ. ನೋಡಿ ಹಿಂದಿರುಗಿ, ರಸ್ತೆ ಬದಿಯ ಫಲಕ ಹಿಡಿದು ಜಾನೆಟ್ಸ್ ಫಾಸ್‌ಗೆ ಇಳಿದರೆ, ಅಲ್ಲಿಂದ ಊರಿನವರೆಗೆ ತೊರೆಯ ಪಕ್ಕ ತೋಪಿನ ನೆರಳು, ಆಮೇಲೆ ಸಮತಟ್ಟು ಗದ್ದೆ. ಮೇ ತಿಂಗಳಲ್ಲಿ ಆ ತೋಪಿಡೀ ಕಾಡುಬೆಳ್ಳುಳ್ಳಿಯ ಬಿಳಿ ಹೂವು. ಒಗ್ಗರಣೆ ವಾಸನೆ ಎಲ್ಲಿಂದ ಬಂತೆಂದು ಸುತ್ತ ಹುಡುಕಬೇಡಿ.

ಹೊತ್ತು ಎಷ್ಟು ಬೇಕು? ವಿಲಿಯಂ ನೇಯ್‌ಸ್ಮಿತ್ ಎಂಬ ಸ್ಕಾಟಿಷ್ ಬೆಟ್ಟಗಾರ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಬಳಕೆಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 300 ಮೀಟರ್ ಏರಿಕೆಗೆ ಅರ್ಧ ಗಂಟೆ. ಅದು ಗಟ್ಟಿಕಾಲಿನವರ ಲೆಕ್ಕ. ನೀವು ಗಂಟೆಗೆ 3 ಕಿ.ಮೀ. ಇಟ್ಟುಕೊಳ್ಳಿ. 8 ಕಿ.ಮೀ.ಗೆ 2 ಗಂಟೆ 40 ನಿಮಿಷ, ಏರಿಕೆಗೆ 20 ನಿಮಿಷ, ಬುತ್ತಿ ಬಿಚ್ಚಿ ಕೂರಲು ಒಂದು ಗಂಟೆ. ಬಸ್ಸಿಗೆ ನಾಲ್ಕೂವರೆ ಗಂಟೆ ಅಂತರ ಇದ್ದರೆ ಓಡುವ ಪ್ರಮೇಯ ಬರುವುದಿಲ್ಲ.

ಪ್ರಶ್ನೆ: ಆ ಬಂಡೆಹಾಸಿನ ಮೇಲೆ ಜಾರಿ ಬೀಳುವವರು ಹೆಚ್ಚು ಎಂದು ಕೇಳಿದ್ದೇನೆ. ಸ್ಪೋರ್ಟ್ಸ್ ಶೂ ಸಾಲದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಬಚ್ಚಲಿನಲ್ಲಿ ಹಾಸಿದ ಹಳೇ ಶಹಾಬಾದ್ ಕಲ್ಲಿನ ಮೇಲೆ ಸೋಪಿನ ನೀರು ಬಿದ್ದಾಗ ಹೇಗೋ, ಮಳೆ ಬಿದ್ದ ಕೋವ್ ನೆತ್ತಿ ಹಾಗೆ. ಈ ಕಲ್ಲು ಗ್ರಾನೈಟಿಗಿಂತ ಮೆದು. ವರ್ಷಗಟ್ಟಲೆ ಬೂಟುಗಳು ತಿಕ್ಕಿ ತಿಕ್ಕಿ ಹಾದಿ ಹಾಯುವ ಕಡೆ ಕಲ್ಲು ಗಾಜಿನಂತೆ ಹೊಳಪಾಗಿದೆ. ಹೊಳೆಯುವ ಕಲ್ಲು ಕಂಡರೆ ಅದರ ಮೇಲಲ್ಲ, ಪಕ್ಕದ ಒರಟು ಕಲ್ಲಿನ ಮೇಲೆ ಕಾಲಿಡಿ. ಹಾದಿ ತಪ್ಪಿದಂತೆ ಕಂಡರೂ ಸರಿ.

ಹಾಸಿನ ರಚನೆ ಹೀಗಿದೆ: ಚಪ್ಪಡಿಯಂಥ ಕಲ್ಲು, ನಡುವೆ ಸೀಳು, ಮತ್ತೆ ಕಲ್ಲು. ಚಪ್ಪಡಿಗೆ ಕ್ಲಿಂಟ್, ಸೀಳಿಗೆ ಗ್ರೈಕ್ ಎನ್ನುತ್ತಾರೆ. ಕೆಲವು ಸೀಳು ಅಂಗೈ ಅಗಲ, ಕೆಲವು ಒಂದು ಕಾಲು ಪೂರ್ತಿ ಇಳಿಯುವಷ್ಟು. ಆಳ ಸೊಂಟದವರೆಗೂ ಇರಬಹುದು. ಇಲ್ಲಿ ಆಗುವ ಅವಘಡ ಒಂದೇ ಬಗೆಯದು: ಚಪ್ಪಡಿಯ ಅಂಚಿನಲ್ಲಿ ಹಿಮ್ಮಡಿ ಜಾರುತ್ತದೆ, ಪಾದ ಸೀಳಿಗೆ ಬೀಳುತ್ತದೆ, ಮೈ ಮಾತ್ರ ಮುಂದಕ್ಕೆ ಹೋಗುತ್ತದೆ. ಮುರಿಯುವುದು ಕಣಕಾಲು. ಅದಕ್ಕೇ ಅಂಚು ಬಿಟ್ಟು ಚಪ್ಪಡಿಯ ನಡುವೆ ಇಡೀ ಪಾದ ಊರಬೇಕು, ಹೆಜ್ಜೆ ಚಿಕ್ಕದಿರಬೇಕು. ಫೋಟೋ ತೆಗೆಯಬೇಕಿದ್ದರೆ ನಿಂತು ತೆಗೆಯಿರಿ. ಊರುಗೋಲು ಇದ್ದರೆ ಹಾಸಿನ ಮೇಲೆ ಮಡಚಿ ಚೀಲಕ್ಕೆ ಸೇರಿಸಿ. ತುದಿ ಸೀಳಿನಲ್ಲಿ ಸಿಕ್ಕಿಕೊಂಡರೆ ಕೋಲು ಬಾಗುತ್ತದೆ, ಇಲ್ಲವೇ ನಿಮ್ಮನ್ನೇ ಎಳೆಯುತ್ತದೆ.

ಸ್ಪೋರ್ಟ್ಸ್ ಶೂ ಒಣ ದಿನಕ್ಕೆ ಸಾಕು, ಅಟ್ಟೆ ಸವೆದಿರಬಾರದು ಅಷ್ಟೆ. ಹೊಸದು ಕೊಳ್ಳುವುದಾದರೆ ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗುವ ಮೆತ್ತನೆ ರಬ್ಬರಿನ, ಆಳ ಗೆರೆಯ ಅಟ್ಟೆ ನೋಡಿ. ಗಟ್ಟಿ ಪ್ಲಾಸ್ಟಿಕ್‌ನಂಥ ಅಟ್ಟೆ ಎಷ್ಟೇ ದುಬಾರಿಯಾದರೂ ಒದ್ದೆ ಸುಣ್ಣದ ಕಲ್ಲನ್ನು ಹಿಡಿಯುವುದಿಲ್ಲ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಹಾಸನ್ನು ದಾಟುವ ಆಸೆ ಬಿಡಿ. ಕೋವ್‌ನ ಬುಡದವರೆಗೆ ಹೋಗಿ ಬನ್ನಿ. ಆ ಕಲ್ಗೋಡೆಯ ಗತ್ತು ಇರುವುದು ಕೆಳಗಿಂದ ನೋಡಿದಾಗಲೇ.

ಪ್ರಶ್ನೆ: ಆ ಬಯಲಿನಲ್ಲಿ ಹೊಳೆ ಇದ್ದಕ್ಕಿದ್ದಂತೆ ಮಾಯವಾಗುತ್ತದಂತೆ. ನಿಜವೇ? ನೀರು ಎಲ್ಲಿಗೆ ಹೋಗುತ್ತದೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಜ. ಕೋವ್‌ನ ಉತ್ತರಕ್ಕೆ, ಸಮುದ್ರಮಟ್ಟದಿಂದ 377 ಮೀಟರ್ ಎತ್ತರದಲ್ಲಿ ಮ್ಯಾಲಮ್ ಟಾರ್ನ್ ಎಂಬ ಕೆರೆ ಇದೆ. ಸುಣ್ಣದ ಕಲ್ಲಿನ ನಾಡಿನಲ್ಲಿ ಕೆರೆ ನಿಲ್ಲಬಾರದು. ಇದು ನಿಂತಿರುವುದು ಅದರ ತಳದಲ್ಲಿ ನೀರು ಬಿಡದ ಹಳೆಯ ಸ್ಲೇಟ್ ಪದರ ಇರುವುದರಿಂದ. ಕೆರೆಯಿಂದ ಹೊರಟ ತೊರೆ ಆ ಪದರ ಮುಗಿದು ಸುಣ್ಣದ ಕಲ್ಲು ಶುರುವಾದೊಡನೆ ಕಲ್ಲುಗಳ ಸಂದಿಗಿಳಿದು ಕಾಣೆಯಾಗುತ್ತದೆ. ಜಾಗದ ಹೆಸರೇ ವಾಟರ್ ಸಿಂಕ್ಸ್. ಗುಹೆಯ ಬಾಯಿ ಇದ್ದೀತೆಂದು ಹುಡುಕಿಕೊಂಡು ಹೋದವರಿಗೆ ನಿರಾಸೆ, ಇರುವುದು ಬರೀ ಕಲ್ಲುರಾಶಿ.

ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಶಹಾಬಾದ್ ನೆಲದ ಮೇಲೆ ನಿಂಬೆರಸ ಚೆಲ್ಲಿದರೆ ಬಿಳಿ ಕಲೆ ಉಳಿಯುತ್ತದಲ್ಲ, ಅದೇ ಕೆಲಸವನ್ನು ಈ ನೀರು ಸಾವಿರಾರು ವರ್ಷ ನಿಧಾನವಾಗಿ ಮಾಡಿದೆ. ಬಿರುಕು ಸೀಳಾಗಿ, ಸೀಳು ಕೊಳವೆಯಾಗಿ, ಹೊಳೆಗಳೆಲ್ಲ ನೆಲದಡಿಗೆ ಇಳಿದಿವೆ. ಕರಗಿದ ಸುಣ್ಣ ಮತ್ತೆ ಹೊರಬೀಳುವುದೂ ಉಂಟು. ಜಾನೆಟ್ಸ್ ಫಾಸ್‌ನಲ್ಲಿ ನೀರು ಬೀಳುವ ಬಂಡೆಯ ಮೇಲೆ ಪಾಚಿಗೆ ಹತ್ತಿಕೊಂಡ ಕಂದು ಪೊರೆ ಇದೆ. ಬೋರ್‌ವೆಲ್ ನೀರಿನ ಗೀಸರ್ ಒಳಗೆ ಕಟ್ಟುವ ಸುಣ್ಣವೇ ಅದು, ಗಾತ್ರ ದೊಡ್ಡದು.

ಇಳಿದ ನೀರು ನೇರ ಕೆಳಗಿರುವ ಕೋವ್‌ನ ಬುಡದಲ್ಲೇ ಹೊರಬರುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಬಣ್ಣ ಹಾಕಿ ನೋಡಿದಾಗ ಸಿಕ್ಕಿದ್ದು ಬೇರೆ. ಟಾರ್ನ್‌ನ ನೀರು ಹೆಚ್ಚಾಗಿ ಏಳುವುದು ಮ್ಯಾಲಮ್ ಊರನ್ನೂ ದಾಟಿ ದಕ್ಷಿಣದಲ್ಲಿರುವ ಏರ್‌ಹೆಡ್ ಊಟೆಗಳಲ್ಲಿ. ಕೋವ್‌ನ ಬುಡದಲ್ಲಿ ಬರುವುದು ಪಶ್ಚಿಮದ ಸ್ಮೆಲ್ಟ್ ಮಿಲ್ ಎಂಬಲ್ಲಿ ಇಂಗಿದ ಇನ್ನೊಂದು ತೊರೆ. ಎರಡೂ ನೆಲದಡಿಯಲ್ಲಿ ಒಂದನ್ನೊಂದು ಹಾಯ್ದು ಹೋಗಿ, ಮುಂದೆ ಸೇರಿ ಏರ್ ನದಿಯಾಗುತ್ತವೆ. ಲೀಡ್ಸ್ ಪೇಟೆಯ ನಡುವೆ ಹರಿಯುವ ನದಿ ಅದೇ.

ಹಾಗಾದರೆ ಕೋವ್ ಕೊರೆದ ನೀರು ಎಲ್ಲಿ? ಹಿಮಯುಗದ ಕೊನೆಗೆ ನೆಲ ಹೆಪ್ಪುಗಟ್ಟಿ ಸೀಳುಗಳೆಲ್ಲ ಮುಚ್ಚಿದ್ದಾಗ ಕರಗಿದ ನೀರು ಮೇಲೆಯೇ ಹರಿದು ಜಲಪಾತವಾಗಿ ಬಿದ್ದಿತ್ತು. ಆ ಕಾಲದ ಒಣ ಕಣಿವೆ ವಾಟ್‌ಲೋಸ್ ಈಗ ಕಾಲುದಾರಿ. 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಬಿರುಗಾಳಿಯ ಮಳೆಗೆ ಒಳದಾರಿಗಳು ತುಂಬಿ ಉಕ್ಕಿ, ಈಗಿರುವವರ ನೆನಪಿನಲ್ಲಿ ಮೊದಲ ಬಾರಿಗೆ ಕೋವ್ ಮೇಲಿಂದ ನೀರು ಧುಮುಕಿತು. ಕೆಲವೇ ಹೊತ್ತು.

ಪ್ರಶ್ನೆ: ದಾರಿಯುದ್ದಕ್ಕೂ ಯಾರದೋ ಹೊಲಗದ್ದೆ ದಾಟಬೇಕಂತೆ. ಬೈಯುವುದಿಲ್ಲವೇ? ದನಗಳ ಭಯ ಬೇರೆ.
– ಗೃಹಿಣಿ, ಶಿರಸಿ

ಉತ್ತರ: ಹಳದಿ ಬಾಣದ ಗುರುತಿದ್ದರೆ ಅದು ಕಾನೂನುಬದ್ಧ ಕಾಲುದಾರಿ, ಜಮೀನು ಯಾರದ್ದಾದರೂ ನಡೆಯುವ ಹಕ್ಕು ನಿಮ್ಮದು. ನೀಲಿ ಬಾಣದ ಹಾದಿಯಲ್ಲಿ ಕುದುರೆ, ಸೈಕಲ್ಲೂ ಬರುತ್ತವೆ. ಗೋಡೆಗಳಿಗೆ ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಷ್ಟೆ. ಹತ್ತಿದರೆ ಉದುರುತ್ತದೆ. ದಾಟಲು ನಿಮ್ಮ ಕಡೆಯ ತಡಮೆಯಂಥದ್ದೇ ಕಲ್ಲುಮೆಟ್ಟಿಲು ಇರುತ್ತದೆ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ‘ಯಾರೋ ಮರೆತಿರಬೇಕು’ ಎಂದು ಮುಚ್ಚಿದರೆ ಕುರಿಗಳಿಗೆ ನೀರಿನ ದಾರಿ ತಪ್ಪಬಹುದು.

ದನಗಳ ವಿಷಯದಲ್ಲಿ ನಮ್ಮವರ ತಪ್ಪು ಭಯವಲ್ಲ, ಸಲಿಗೆ. ಕರು ಕಂಡರೆ ಗಂಗೆದೊಗಲು ಸವರಲು ಹೋಗುತ್ತೇವೆ. ಅವು ಕೊಟ್ಟಿಗೆಯಲ್ಲಿ ಕೈಬಳಕೆಯಾದ ಹಸುಗಳಲ್ಲ. ತಾಯಿ ಮತ್ತು ಕರುವಿನ ನಡುವೆ ಎಂದೂ ಹಾಯಬೇಡಿ. ಗೋಡೆಯ ಬದಿಗೆ ದೂರ ಸುತ್ತಿ ಹೋಗಿ, ಓಡಬೇಡಿ. ನಾಯಿ ಜೊತೆಗಿದ್ದು ದನ ಅಟ್ಟಿಸಿಕೊಂಡು ಬಂದರೆ ಹಗ್ಗ ಬಿಟ್ಟುಬಿಡಿ. ಅವುಗಳ ಸಿಟ್ಟು ನಾಯಿಯ ಮೇಲೆ, ನಾಯಿ ತಪ್ಪಿಸಿಕೊಳ್ಳುತ್ತದೆ. ಕಾಲುದಾರಿ ಹಾಯುವ ಹೊಲದಲ್ಲಿ ಹಾಲಿನ ತಳಿಯ, 10 ತಿಂಗಳು ದಾಟಿದ ಹೋರಿ ಬಿಡುವುದಕ್ಕೆ ಅಲ್ಲಿ ಕಾನೂನಿನ ಅಡ್ಡಿ ಇದೆ.

ಎತ್ತರದ ಹುಲ್ಲಿನಲ್ಲಿ ಕೂತೆದ್ದರೆ ಮನೆಗೆ ಬಂದು ಮಂಡಿಯ ಹಿಂಭಾಗ, ತೊಡೆಸಂದು ನೋಡಿಕೊಳ್ಳಿ. ಉಣುಗು ಅಲ್ಲೂ ಇದೆ. ಅದು ಮಂಗನ ಕಾಯಿಲೆ ತರುವುದಿಲ್ಲ, ಲೈಮ್ ಎಂಬ ಬೇರೆ ಕಾಯಿಲೆ ತರಬಹುದು. ಚಿಮಟದಲ್ಲಿ ಚರ್ಮಕ್ಕೆ ಒತ್ತಿಹಿಡಿದು ನೇರ ಎಳೆಯಿರಿ. ಮುಂದಿನ ವಾರಗಳಲ್ಲಿ ಸುತ್ತ ಕೆಂಪು ಹರಡಿದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮೊಬೈಲ್ ಮ್ಯಾಪ್ ಸಾಲದೇ?
– ಐಟಿ ಉದ್ಯೋಗಿ, ಮ್ಯಾಂಚೆಸ್ಟರ್

ಉತ್ತರ: ಕಣಿವೆಯ ತಳದಲ್ಲಿ ಸಿಗ್ನಲ್ ಕೈಕೊಡುತ್ತದೆ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆ ಓಎಲ್2 ಕೊಳ್ಳಿ. ಪ್ರಮಾಣ 1:25,000, ಅಂದರೆ 4 ಸೆಂ.ಮೀ.ಗೆ ಒಂದು ಕಿ.ಮೀ. ಹಸಿರು ತುಂಡುಗೆರೆ ಕಾಲುದಾರಿ. ತೆಳು ಕಪ್ಪುಗೆರೆಗಳೆಲ್ಲ ಹೊಲದ ಗೋಡೆಗಳು, ಮಂಜು ಮುಸುಕಿದಾಗ ಕೈಹಿಡಿಯುವುದು ಅವೇ. ಮೂರನೇ ಗೋಡೆ ದಾಟಿ ಎಡಕ್ಕೆ ಎಂದು ಎಣಿಸಿಕೊಂಡು ನಡೆದವರು ದಾರಿ ತಪ್ಪುವುದು ಕಡಿಮೆ. ಅಪಾಯವಾದರೆ 999ಕ್ಕೆ ಕರೆಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಿ. ಸೀಟಿಯಾದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ.

ಪ್ರಶ್ನೆ: ಅತ್ತೆಯವರು ಗಾಲಿಕುರ್ಚಿಯಲ್ಲಿದ್ದಾರೆ. ಅವರಿಗೂ ಇಂಥ ಕಣಿವೆ ತೋರಿಸಲಾದೀತೇ?
– ಓದುಗರೊಬ್ಬರು, ಮೈಸೂರು

ಉತ್ತರ: ಮ್ಯಾಲಮ್ ಬಿಟ್ಟು ದಕ್ಷಿಣಕ್ಕೆ ಪೀಕ್ ಡಿಸ್ಟ್ರಿಕ್ಟ್‌ನ ಮಾನ್ಸಲ್ ಟ್ರೇಲ್‌ಗೆ ಕರೆದೊಯ್ಯಿರಿ. 1968ರಲ್ಲಿ ನಿಂತುಹೋದ ರೈಲುಮಾರ್ಗವದು, ವೈ ನದಿಯ ಸುಣ್ಣದ ಕಲ್ಲಿನ ಕಣಿವೆಯಲ್ಲಿ 13.7 ಕಿ.ಮೀ. ಉದ್ದಕ್ಕೂ ಹೆಚ್ಚುಕಡಿಮೆ ಸಮತಟ್ಟು. ಸುರಂಗಗಳು 2011ರಿಂದ ತೆರೆದಿವೆ. ಸುಮಾರು 400 ಮೀಟರ್ ಉದ್ದದ ನಾಲ್ಕರಲ್ಲಿ ಹಗಲು ದೀಪ ಇರುತ್ತದೆ, ಕತ್ತಲಾದರೆ ಆರುತ್ತದೆ. ಒಳಗೆ ಜೂನ್‌ನಲ್ಲೂ ಚಳಿ, ಕೂತಿರುವವರಿಗೆ ನಡೆಯುವವರಿಗಿಂತ ಹೆಚ್ಚು. ಶಾಲು ಮೊಣಕಾಲಿಗೂ ಒಂದು ಇರಲಿ. ಹೆಡ್‌ಸ್ಟೋನ್ ಸೇತುವೆಯ ಮೇಲೆ ಅರ್ಧ ಗಂಟೆ ನಿಲ್ಲಿ.

ಪ್ರಶ್ನೆ: ನೆನಪಿಗೆ ಒಂದು ಚಿಕ್ಕ ಕಲ್ಲು ತರಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಬೇಡ. ಮನೆತೋಟಗಳ ಅಲಂಕಾರಕ್ಕೆಂದು ಬಂಡೆಹಾಸುಗಳನ್ನು ಕಿತ್ತು ಸಾಗಿಸಿದ್ದೇ ಹೆಚ್ಚಾಗಿ, 1981ರ ವನ್ಯಜೀವಿ ಕಾಯ್ದೆಯಲ್ಲಿ ಅವುಗಳಿಗೆ ರಕ್ಷಣೆ ಕೊಡಬೇಕಾಯಿತು. ಸೀಳುಗಳ ಒಳಗೆ ಬಗ್ಗಿ ನೋಡಿ. ಕುರಿಯ ಬಾಯಿಗೆ ಎಟುಕದ ಆ ತಂಪಿನಲ್ಲಿ ಬಾಳೆಸುಳಿಯಂತೆ ನುಣುಪಾದ, ಅಂಚು ಸೀಳದ ಎಲೆಯ ಜರಿಗಿಡ ಇರುತ್ತದೆ. ಅದರ ಫೋಟೋ ತನ್ನಿ.