ಜೈಲಿಗೆ ಹೋಗಿ ಬಂದ ವಿಷಯ ಅವಳಿಗೆ ಯಾವಾಗ ಹೇಳಲಿ?

ಪ್ರಶ್ನೆ: ನನಗೆ 33 ವರ್ಷ. 24ನೇ ವಯಸ್ಸಿನಲ್ಲಿ ಹಲ್ಲೆ ಕೇಸೊಂದರಲ್ಲಿ ಒಂದೂವರೆ ವರ್ಷ ಜೈಲಿನಲ್ಲಿದ್ದೆ. ಆಮೇಲೆ ಯಾವ ಕೇಸೂ ಇಲ್ಲ, ಕಾಯಂ ಕೆಲಸವಿದೆ. ಎರಡು ತಿಂಗಳಿಂದ ಒಬ್ಬಳ ಜೊತೆ ಡೇಟಿಂಗ್ ಮಾಡುತ್ತಿದ್ದೇನೆ. ಆ ಒಂದೂವರೆ ವರ್ಷ ಏನು ಮಾಡುತ್ತಿದ್ದೆ ಎಂದು ಅವಳು ಸಹಜವಾಗಿ ಕೇಳಿದಾಗ ‘ಬೇರೆ ಊರಲ್ಲಿ ಕೆಲಸಕ್ಕಿದ್ದೆ’ ಅಂದುಬಿಟ್ಟೆ. ಈಗ ನಿಜ ಹೇಳಿದರೆ ಬಿಟ್ಟು ಹೋಗುತ್ತಾಳೆ ಎಂಬ ಭಯ.

ಉತ್ತರ: ನೀವು ಹೇಳಬೇಕಾದದ್ದು ಈಗ ಒಂದಲ್ಲ, ಎರಡು. ಒಂಬತ್ತು ವರ್ಷ ಹಳೆಯ ಕೇಸು ಒಂದು, ಎರಡು ತಿಂಗಳೊಳಗೆ ಹೇಳಿದ ಸುಳ್ಳು ಇನ್ನೊಂದು. ಕೇಸಿನ ಬಗ್ಗೆ ಅವಳು ನಾಲ್ಕು ಪ್ರಶ್ನೆ ಕೇಳಿ ಸಮಾಧಾನಪಡಬಹುದು. ಆದರೆ ‘ಇನ್ನೇನು ಮುಚ್ಚಿಟ್ಟಿದ್ದಾನೋ’ ಎಂಬ ಅನುಮಾನ ಹುಟ್ಟುವುದು ಸುಳ್ಳಿನಿಂದ. ಹಾಗಾಗಿ ಎರಡನ್ನೂ ಒಂದೇ ಸಲ ಕೂತು ಹೇಳಿ.

ಯಾವಾಗ ಎಂಬುದಕ್ಕೆ ಇಷ್ಟನೇ ಭೇಟಿ ಎಂಬ ಲೆಕ್ಕವಿಲ್ಲ. ಈ ವಿಷಯ ಗೊತ್ತಿದ್ದರೆ ಆಕೆ ಬೇರೆ ರೀತಿ ತೀರ್ಮಾನಿಸಬಹುದಾದ ಯಾವುದೇ ಹೆಜ್ಜೆಗಿಂತ ಮೊದಲು ಹೇಳಬೇಕು. ‘ಇನ್ನು ನಾವಿಬ್ಬರೇ’ ಎಂದು ಒಪ್ಪುವುದು, ದೈಹಿಕವಾಗಿ ಹತ್ತಿರವಾಗುವುದು, ಒಂದೇ ಮನೆಯಲ್ಲಿರುವುದು, ಜಂಟಿಯಾಗಿ ಸಾಲ ಮಾಡುವುದು, ಮದುವೆಯ ಮಾತು, ಎಲ್ಲವೂ ಅಂಥ ಹೆಜ್ಜೆಗಳೇ. ಪರಿಚಯದ ಮೊದಲ ಚಾಟ್‌ನಲ್ಲೇ ಹೇಳಬೇಕಿಲ್ಲ. ಅಪರಿಚಿತರ ಕೈಗೆ ನಿಮ್ಮ ಚರಿತ್ರೆ ಕೊಡುವುದು ನಿಮಗೂ ಕ್ಷೇಮವಲ್ಲ. ಎರಡು ತಿಂಗಳು ಸ್ವಲ್ಪ ತಡವೇ, ಆದರೂ ಕೈಮೀರಿಲ್ಲ.

ಇದಕ್ಕೆ ಹೊರತಾದ ಸಂದರ್ಭಗಳಿವೆ, ಅವುಗಳಲ್ಲಿ ಕಾಯಲೇಬಾರದು. ಶಿಕ್ಷೆಯಾದದ್ದು ಹಿಂದಿನ ಸಂಗಾತಿಯ ಮೇಲಿನ ಹಿಂಸೆಗಾಗಿದ್ದರೆ ಸಂಬಂಧ ಗಂಭೀರವಾಗುವ ಮೊದಲೇ ಹೇಳಿ. ಮಕ್ಕಳ ಮೇಲಿನ ಅಪರಾಧವಾಗಿದ್ದು ಆಕೆಗೆ ಮಕ್ಕಳಿದ್ದರೆ, ಆ ಮಕ್ಕಳ ಮುಖ ನೋಡುವ ಮೊದಲೇ ಹೇಳಿ. ಪ್ರೊಬೇಷನ್, ಪೆರೋಲ್ ಅಥವಾ ಜಾಮೀನಿನ ಷರತ್ತು ಇನ್ನೂ ಜಾರಿಯಲ್ಲಿದ್ದರೂ ಬೇಗ ತಿಳಿಸಬೇಕು. ರಾತ್ರಿ ಇಂತಿಷ್ಟು ಹೊತ್ತಿನೊಳಗೆ ಮನೆಯಲ್ಲಿರಬೇಕು, ಮದ್ಯ ಮುಟ್ಟಬಾರದು, ಇಂಥ ಜಾಗ ಬಿಟ್ಟು ಹೋಗಬಾರದು ಎಂಬಂಥ ಷರತ್ತುಗಳು ಅವಳ ದಿನಚರಿಯನ್ನೂ ಕಟ್ಟಿಹಾಕುತ್ತವೆ.

ಮಾತಾಡುವ ಮೊದಲು ನಿಮ್ಮ ತೀರ್ಪಿನ ದೃಢೀಕೃತ ಪ್ರತಿ ತರಿಸಿಕೊಂಡು ಪೂರ್ತಿ ಓದಿ. ಯಾವ ಸೆಕ್ಷನ್, ಆರೋಪಗಳಲ್ಲಿ ಯಾವುದು ಸಾಬೀತಾಯಿತು, ಯಾವುದು ಬಿದ್ದುಹೋಯಿತು, ಶಿಕ್ಷೆ ಎಷ್ಟು, ದಂಡ ಕಟ್ಟಿಯಾಗಿದೆಯೇ, ಮೇಲ್ಮನವಿ ಬಾಕಿ ಇದೆಯೇ ಎಂಬುದು ಎಷ್ಟೋ ಜನರಿಗೆ ಸರಿಯಾಗಿ ನೆನಪಿರುವುದಿಲ್ಲ. ವಕೀಲರು ಹೇಳಿದ್ದು, ಮನೆಯವರು ಹೇಳಿದ್ದು, ತಾವೇ ವರ್ಷಗಟ್ಟಲೆ ಮನಸ್ಸಿನಲ್ಲಿ ತಿದ್ದಿಕೊಂಡದ್ದು ಎಲ್ಲ ಬೆರೆತುಹೋಗಿರುತ್ತದೆ. ನೀವು ‘ಸಣ್ಣ ಜಗಳ’ ಎಂದು, ಕಾಗದದಲ್ಲಿ ‘ಮಾರಕಾಸ್ತ್ರದಿಂದ ಗಾಯ’ ಎಂದಿದ್ದರೆ, ನೀವು ಬೇಕೆಂದು ಸುಳ್ಳು ಹೇಳಿರದಿದ್ದರೂ ಅದು ಸುಳ್ಳೇ ಆಗುತ್ತದೆ.

ಜಾಗದ ವಿಷಯದಲ್ಲಿ ಒಂದನ್ನು ಮರೆಯಬೇಡಿ: ಆಕೆಗೆ ಎದ್ದು ಹೋಗಬೇಕೆನಿಸಿದರೆ ತನ್ನ ಪಾಡಿಗೆ ಹೋಗಲು ಆಗಬೇಕು. ಓಡುತ್ತಿರುವ ಕಾರಿನಲ್ಲಿ, ದೂರದ ಪ್ರವಾಸದಲ್ಲಿ, ರಾತ್ರಿ ನಿಮ್ಮ ಮನೆಯಲ್ಲಿ ಹೇಳಬೇಡಿ. ಕುಡಿದಾಗಲಂತೂ ಬೇಡವೇ ಬೇಡ. ಹಗಲು, ಗದ್ದಲವಿಲ್ಲದ ಕಡೆ, ಇಬ್ಬರಿಗೂ ಎರಡು ಗಂಟೆ ಬಿಡುವಿದ್ದಾಗ ಕೂತುಕೊಳ್ಳಿ.

ಮೊದಲ ವಾಕ್ಯದಲ್ಲೇ ವಿಷಯ ಬರಲಿ. ‘ನನ್ನ ಮೇಲೆ ನಿನಗೆ ಎಷ್ಟು ನಂಬಿಕೆಯಿದೆ?’ ಎಂದು ಶುರು ಮಾಡಿ ಹತ್ತು ನಿಮಿಷ ಪೀಠಿಕೆ ಹಾಕಿದರೆ, ಆ ಹತ್ತು ನಿಮಿಷದಲ್ಲಿ ಕೇಳುವವರು ಕೊಲೆಯವರೆಗೂ ಊಹಿಸಿ ಮುಗಿಸಿರುತ್ತಾರೆ. ಹೀಗೆ ಹೇಳಬಹುದು:

‘24ನೇ ವಯಸ್ಸಿನಲ್ಲಿ ಒಬ್ಬನ ಮೇಲೆ ಹಲ್ಲೆ ಮಾಡಿದ್ದಕ್ಕೆ ನನಗೆ ಶಿಕ್ಷೆಯಾಯಿತು, ಒಂದೂವರೆ ವರ್ಷ ಜೈಲಿನಲ್ಲಿದ್ದೆ. ನೀನು ಕೇಳಿದಾಗ ಬೇರೆ ಊರಲ್ಲಿ ಕೆಲಸಕ್ಕಿದ್ದೆ ಅಂದದ್ದು ಸುಳ್ಳು, ಹೆದರಿ ಹಾಗೆ ಹೇಳಿದೆ. ಹೊಡೆದದ್ದು ನಾನೇ, ಅವನ ಕೈ ಮುರಿದಿತ್ತು. ಆಮೇಲೆ ಯಾವ ಕೇಸೂ ಇಲ್ಲ, ಬಾಕಿಯೂ ಏನಿಲ್ಲ. ತೀರ್ಪಿನ ಪ್ರತಿ ನನ್ನ ಹತ್ತಿರ ಇದೆ, ನೀನು ಓದಬಹುದು. ಏನು ಬೇಕಾದರೂ ಕೇಳು, ಇವತ್ತೇ ಕೇಳಬೇಕೆಂದೇನಿಲ್ಲ.’

ಇಷ್ಟು ಹೇಳಲು ಒಂದು ನಿಮಿಷ ಸಾಕು. ಗಾಯಗೊಂಡವನಿಗೆ ಏನಾಗಿತ್ತು ಎಂಬುದನ್ನು ಬಿಡದೆ ಹೇಳಿ, ಹೆಚ್ಚಿನವರು ನುಂಗಿಕೊಳ್ಳುವುದು ಅದನ್ನೇ. ‘ಸಹವಾಸ ಕೆಟ್ಟದಿತ್ತು’, ‘ಅವನೇ ಕೆಣಕಿದ್ದು’ ಎಂಬವು ನಿಜವೇ ಇರಬಹುದು. ಆದರೂ ಆಕೆ ಕೇಳಿದ ಮೇಲಷ್ಟೇ ಬರಲಿ. ಮೊದಲೇ ಬಂದರೆ ಅವು ನೆಪವಾಗಿ ಕೇಳಿಸುತ್ತವೆ.

ಕಂತುಗಳಲ್ಲಿ ಹೇಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಇವತ್ತು ‘ಒಂದು ಕೇಸಿತ್ತು’, ಮುಂದಿನ ತಿಂಗಳು ‘ಜೈಲಿಗೂ ಹೋಗಿದ್ದೆ’, ಆಮೇಲೆ ‘ಎರಡನೇ ಆರೋಪಿ ನನ್ನ ತಮ್ಮ’. ಪ್ರತಿ ಕಂತೂ ಹಿಂದಿನ ಕಂತನ್ನು ಸುಳ್ಳಾಗಿಸುತ್ತದೆ, ಮೂರನೆಯದರ ಹೊತ್ತಿಗೆ ನೀವು ಪೂರ್ತಿ ನಿಜ ಹೇಳಿದರೂ ಯಾರೂ ನಂಬುವುದಿಲ್ಲ.

ಹೇಳಿದ ಮೇಲೆ ‘ಈಗ ಏನನ್ನಿಸುತ್ತಿದೆ?’ ಎಂದು ಪೀಡಿಸಬೇಡಿ. ಒಂದೆರಡು ವಾರ ಬಿಡಿ. ಆಕೆ ಅತ್ತರೆ, ಸಿಟ್ಟಾದರೆ, ಸುಮ್ಮನಾದರೆ ಅದನ್ನು ಉತ್ತರವೆಂದು ತಿಳಿಯಬೇಡಿ. ‘ಯಾರಿಗೂ ಹೇಳುವುದಿಲ್ಲ ಅಂತ ಆಣೆ ಮಾಡು’ ಎನ್ನುವುದೂ ತಪ್ಪು. ಇಷ್ಟು ಭಾರದ ಸುದ್ದಿಯನ್ನು ಒಬ್ಬರೇ ಹೊರುವುದು ಕಷ್ಟ, ಆಕೆಗೂ ಮಾತಾಡಲು ಒಂದು ಜೀವ ಬೇಕು. ಯಾರ ಹತ್ತಿರ ಹೇಳಿಕೊಳ್ಳುತ್ತಾಳೆ ಎಂಬುದನ್ನು ಅವಳೇ ಆರಿಸಲಿ. ಆಫೀಸಿನವರೆಗೆ ಹೋಗದಿರಲಿ ಎಂದು ವಿನಂತಿಸುವ ಹಕ್ಕು ನಿಮಗಿದೆ. ಬಿಟ್ಟು ಹೋಗುವ ಹಕ್ಕು ಆಕೆಗಿದೆ, ಅದನ್ನು ತಡೆಯುವ ಮಾತಿನ ವರಸೆ ಯಾವುದನ್ನೂ ನಾವು ಹೇಳಿಕೊಡಲಾರೆವು.

ಪ್ರಶ್ನೆ: ಮೂರು ತಿಂಗಳಿಂದ ಪರಿಚಯವಿರುವ ಗೆಳೆಯ ತಾನು ಜೈಲಿನಲ್ಲಿದ್ದದ್ದನ್ನು ತಾನಾಗಿ ಹೇಳಿದ್ದಾನೆ. ಒಳ್ಳೆಯವನು ಅನ್ನಿಸುತ್ತದೆ. ಆದರೂ ಅವನು ಹೇಳಿದ್ದನ್ನು ಪರಿಶೀಲಿಸಿದರೆ ಅವಮಾನ ಮಾಡಿದಂತಾಗುತ್ತದೆಯೇ?

ಉತ್ತರ: ಇಲ್ಲ, ಪರಿಶೀಲಿಸಿ. ಕದ್ದು ಮಾಡಬೇಡಿ, ಅಷ್ಟೇ. ‘ತೀರ್ಪು ಓದಬೇಕು’ ಎಂದು ಅವನಿಗೇ ಹೇಳಿ. ಅವನು ಅದನ್ನು ಕೈಗೆ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ‘ನಂಬಿಕೆ ಇಲ್ಲವಾ?’ ಎಂದು ತಿರುಗಿಬಿದ್ದರೆ ಅದನ್ನೂ ಗಮನದಲ್ಲಿಡಿ. ಹೇಳಿದರೆ ಅಪಾಯವಾದೀತು ಎಂಬ ಭಯ ನಿಮಗಿದ್ದರೆ ಮಾತ್ರ ಗುಟ್ಟಾಗಿ ವಿಚಾರಿಸುವುದು ಸರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರಿಂದ ‘ಕ್ಲೇರ್ಸ್ ಲಾ’ ಎಂಬ ವ್ಯವಸ್ಥೆಯಿದೆ. ಸಂಗಾತಿಗೆ ಹಿಂಸೆಯ ಹಿನ್ನೆಲೆ ಇದೆಯೇ ಎಂದು ಅಲ್ಲಿ ಪೊಲೀಸರನ್ನು ಕೇಳಬಹುದು. ಇಂಥ ದಾರಿಯಿಲ್ಲದ ಕಡೆ ನ್ಯಾಯಾಲಯದ ದಾಖಲೆಯೇ ಆಧಾರ. ಹೆಸರೊಂದನ್ನೇ ನಂಬಿ ಹುಡುಕಿದರೆ ಅದೇ ಹೆಸರಿನ ಬೇರೊಬ್ಬನ ಕೇಸು ಇವನ ತಲೆಗೆ ಬರಬಹುದು. ಹುಟ್ಟಿದ ವರ್ಷ, ತಂದೆಯ ಹೆಸರು, ಊರು ಹೊಂದುತ್ತವೆಯೇ ನೋಡಿ.

ಓದಿದ ಮೇಲೆ ತೂಗಬೇಕಾದದ್ದು ಅಪರಾಧದ ಬಗೆ ಮತ್ತು ಕಳೆದ ಕಾಲ. ಬ್ಲೂಮ್‌ಸ್ಟೀನ್ ಮತ್ತು ನಕಮುರ ಎಂಬ ಸಂಶೋಧಕರು 1980ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲ ಸಲ ಬಂಧಿತರಾದವರ ದಾಖಲೆಗಳನ್ನು ನೋಡಿ 2009ರಲ್ಲಿ ಒಂದು ಲೆಕ್ಕ ಕೊಟ್ಟರು. 18ನೇ ವಯಸ್ಸಿನಲ್ಲಿ ಬಂಧಿತನಾದವನು ಮತ್ತೆ ಸಿಕ್ಕಿಬೀಳದೆ ಉಳಿದರೆ, ಅವನ ಬಂಧನದ ಸಂಭವ ಅದೇ ವಯಸ್ಸಿನ ಸಾಮಾನ್ಯ ಜನರ ಮಟ್ಟಕ್ಕೆ ಇಳಿಯಲು ಮನೆಗಳ್ಳತನದಲ್ಲಿ 3.8 ವರ್ಷ, ಗಂಭೀರ ಹಲ್ಲೆಯಲ್ಲಿ 4.3 ವರ್ಷ, ದರೋಡೆಯಲ್ಲಿ 7.7 ವರ್ಷ ಬೇಕಾಗಿತ್ತು. ಹಳೆಯ ಕಲೆ ಎಂದೆಂದಿಗೂ ಅಪಾಯದ ಗುರುತಲ್ಲ ಎಂಬುದಕ್ಕೆ ಇದು ಗಟ್ಟಿ ಆಧಾರ.

ಆದರೆ ಈ ಸಮಾಧಾನವನ್ನು ಸಂಗಾತಿಯ ಮೇಲಿನ ಹಿಂಸೆಗೆ ಅನ್ವಯಿಸಬೇಡಿ. ಮನೆಯೊಳಗಿನ ಹೊಡೆತ ಪೊಲೀಸರವರೆಗೆ ಹೋಗದೆ ಮುಚ್ಚಿಹೋಗುವುದೇ ಹೆಚ್ಚು, ಹಾಗಾಗಿ ಕಾಗದದಲ್ಲಿ ಹತ್ತು ವರ್ಷ ಖಾಲಿಯಿದ್ದರೂ ಅದು ಹತ್ತು ವರ್ಷದ ಶಾಂತಿ ಎಂದಾಗುವುದಿಲ್ಲ. ದಾಖಲೆಯಲ್ಲಿ ಸಂಗಾತಿಯ ಕತ್ತು ಹಿಸುಕಿದ ಉಲ್ಲೇಖವಿದ್ದರೆ ಅದು ಅತ್ಯಂತ ಕೆಟ್ಟ ಸೂಚನೆ. ಹಿಂದೆ ಸಂಗಾತಿ ಕತ್ತು ಹಿಸುಕಿದ್ದ ಮಹಿಳೆಯರು ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು ಎಂದು 2008ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ‘ಅವಳು ಹಾಗಿದ್ದಳು, ನೀನು ಹಾಗಲ್ಲ’ ಎಂಬ ಮಾತು ಕೇಳಿಬಂದರೆ ಎಚ್ಚರ, ಹಿಂದಿನವಳಿಗೂ ಅದೇ ಮಾತು ಹೇಳಿರಬಹುದು.

ಈಗಿನ ನಡವಳಿಕೆಯನ್ನೂ ನೋಡಿ. ‘ಬೇಡ’ ಅಂದಾಗ ಒಪ್ಪುತ್ತಾನೆಯೇ? ನಿಮ್ಮ ಫೋನು, ಗೆಳತಿಯರು, ದುಡ್ಡಿನ ಮೇಲೆ ಕಣ್ಣಿಡುತ್ತಾನೆಯೇ? ಸಿಟ್ಟು ಬಂದಾಗ ವಸ್ತು ಎಸೆಯುತ್ತಾನೆಯೇ? ಜೈಲಿಗೇ ಹೋಗದವನಲ್ಲೂ ಇವು ಕಂಡರೆ ಅಪಾಯವೇ.

ಜೊತೆಗಿರಲು ನಿರ್ಧರಿಸಿದಿರಾದರೆ ನಿಮ್ಮ ಮೇಲೂ ಒಂದು ಹೊಣೆ ಬೀಳುತ್ತದೆ: ಮುಂದೆ ಯಾವ ಜಗಳದಲ್ಲೂ ಆ ಕೇಸನ್ನು ಆಯುಧವಾಗಿ ಎತ್ತಬಾರದು. ಮುಂದೆ ಏನೇನು ಅಡ್ಡ ಬರಬಹುದು ಎಂದು ಇಬ್ಬರೂ ಕೂತು ಬರೆದಿಟ್ಟುಕೊಳ್ಳಿ: ಕೆಲವು ಕೆಲಸ, ಮಗುವಿನ ದತ್ತು, ವಿದೇಶ ಪ್ರಯಾಣ. ಉದಾಹರಣೆಗೆ, ಅಮೆರಿಕದ ವೀಸಾ ಅರ್ಜಿ ಕ್ಷಮಾದಾನ ಸಿಕ್ಕಿದ ಪ್ರಕರಣಗಳನ್ನೂ ಬಿಡದೆ ಬಂಧನ ಮತ್ತು ಶಿಕ್ಷೆಯ ಬಗ್ಗೆ ಕೇಳುತ್ತದೆ.

ಪ್ರಶ್ನೆ: ನನ್ನ ಕೇಸಿನಲ್ಲಿ ಖುಲಾಸೆಯಾಗಿದೆ. ಆದರೂ ಹೇಳಬೇಕೇ?

ಉತ್ತರ: ಖುಲಾಸೆಯಾದವರು ಅಪರಾಧಿಯಲ್ಲ, ಹಾಗಾಗಿ ಹೇಳಿಕೊಳ್ಳುವ ತುರ್ತು ನಿಮಗಿಲ್ಲ. ಆದರೆ ಬಂಧನದ ಸುದ್ದಿ ಇಂಟರ್ನೆಟ್ಟಿನಲ್ಲಿ ಉಳಿದು, ಖುಲಾಸೆಯ ಸುದ್ದಿ ಎಲ್ಲೂ ಇಲ್ಲದಿರುವುದು ಸಾಮಾನ್ಯ. ನಿಮ್ಮ ಹೆಸರನ್ನು ನೀವೇ ಒಮ್ಮೆ ಹುಡುಕಿ ನೋಡಿ. ಏನಾದರೂ ಸಿಕ್ಕರೆ, ಸಂಗಾತಿಯ ಕಣ್ಣಿಗೆ ಬೀಳುವ ಮೊದಲು ಖುಲಾಸೆ ಆದೇಶದ ಪ್ರತಿ ಜೊತೆಗಿಟ್ಟುಕೊಂಡು ನೀವೇ ಹೇಳಿ. ವಿಚಾರಣೆ ಇನ್ನೂ ನಡೆಯುತ್ತಿದ್ದರೆ ಅಥವಾ ಖುಲಾಸೆಯ ವಿರುದ್ಧ ಮೇಲ್ಮನವಿ ಹೋಗಿದ್ದರೆ ವಿಷಯ ಬೇರೆ. ಆಗ ಮುಂದಿನ ವಿಚಾರಣೆಯ ದಿನಾಂಕವನ್ನೂ ಸೇರಿಸಿ ತಿಳಿಸಬೇಕು.