ಅಫಲಾತೂನ್ ಬೀದರಿಗೆ ಬಂದ ದಾರಿ

ಪ್ರಶ್ನೆ: ನಾನು ವಾದಕ್ಕೆ ನಿಂತಾಗಲೆಲ್ಲ ನಮ್ಮ ಮುತ್ಯಾ ‘ದೊಡ್ಡ ಅಫಲಾತೂನ್ ಆಗ್ಯಾನ್ ನೋಡು’ ಎಂದು ಗದರುತ್ತಾರೆ. ಅಫಲಾತೂನ್ ಎಂದರೆ ಗ್ರೀಸಿನ ಪ್ಲೇಟೋ ಎಂದು ಈಚೆಗೆ ತಿಳಿಯಿತು. ಪ್ರಜಾಪ್ರಭುತ್ವವನ್ನು ಒಪ್ಪದ ಪ್ಲೇಟೋನನ್ನು ನಾವು ಇಂದು ಏಕೆ ಓದಬೇಕು? ಅವನ ವಿಚಾರಗಳು ನಮ್ಮ ಕಡೆಗೆ ಬಂದದ್ದು ಇಂಗ್ಲಿಷರ ಮೂಲಕವೇ?
– ರಾಜ್ಯಶಾಸ್ತ್ರದ ವಿದ್ಯಾರ್ಥಿ, ಬೀದರ್

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಅದಕ್ಕೆ ಉತ್ತರ ನಿಮ್ಮ ಮುತ್ಯಾ ಅವರ ಗದರಿಕೆಯಲ್ಲೇ ಇದೆ. ಇಂಗ್ಲಿಷಿನಿಂದ ಬಂದಿದ್ದರೆ ಅವರ ಬಾಯಲ್ಲಿಯೂ ಆ ಹೆಸರು ಪ್ಲೇಟೋ ಎಂದೇ ಇರುತ್ತಿತ್ತು. ಅರಬ್ಬಿಯಲ್ಲಿ ‘ಪ’ಕಾರವಿಲ್ಲದ್ದರಿಂದ ಗ್ರೀಕರ ಪ್ಲಾಟೋನ್ ಅಲ್ಲಿ ಅಫ್ಲಾತೂನ್ ಆದ, ಅರಿಸ್ಟಾಟಲ್ ಅರಸ್ತೂ ಆದ. 9ನೆಯ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಮತ್ತು ಅವನ ಸಂಗಡಿಗರು ಗ್ರೀಕ್ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿ ಭಾಷೆಗಳಿಗೆ ತಂದರು. ಮುಂದಿನ ಶತಮಾನದಲ್ಲಿ ತತ್ವಜ್ಞಾನಿ ಅಲ್ ಫಾರಾಬಿ ಪ್ಲೇಟೋನ ಆದರ್ಶ ನಗರವನ್ನು ತನ್ನ ಕಾಲದ ನಂಬಿಕೆಗಳಿಗೆ ಹೊಂದಿಸಿ ಬರೆದ. 13ನೆಯ ಶತಮಾನದಲ್ಲಿ ನಸೀರುದ್ದೀನ್ ತೂಸಿ ಆ ವಿಚಾರಗಳನ್ನು ಪರ್ಷಿಯನ್ ನೀತಿಗ್ರಂಥವೊಂದರಲ್ಲಿ ಅಳವಡಿಸಿದ. ಇರಾನಿನ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾಗಿ 1472ರಲ್ಲಿ ನಿಮ್ಮ ಊರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಈ ಪರ್ಷಿಯನ್ ವಿದ್ಯಾಪರಂಪರೆಯವನೇ. ಆ ಕಟ್ಟಡದ ಮೇಲೆ ಅಳಿದುಳಿದಿರುವ ಬಣ್ಣದ ಹೆಂಚುಗಳ ಕಲೆ ಬಂದ ದಾರಿಯಲ್ಲೇ ಅಫಲಾತೂನನೂ ಬಂದ.

ಆದರೆ ಆ ದಾರಿಯಲ್ಲಿ ಒಂದು ಮುಖ್ಯ ಗ್ರಂಥ ಹಿಂದೆಯೇ ಉಳಿಯಿತು. ಅರಿಸ್ಟಾಟಲನ ತರ್ಕ, ನೀತಿ, ವೈದ್ಯಕ್ಕೆ ಹತ್ತಿರದ ಜೀವಶಾಸ್ತ್ರ ಎಲ್ಲವೂ ಅರಬ್ಬಿಗೆ ಬಂದರೂ ಅವನ ‘ರಾಜಕೀಯ’ ಬರಲಿಲ್ಲ. 12ನೆಯ ಶತಮಾನದ ಅರಬ್ಬಿ ತತ್ವಜ್ಞಾನಿ ಇಬ್ನ್ ರುಶ್ದ್ ಆ ಗ್ರಂಥ ಕೈಗೆ ಸಿಗದ್ದರಿಂದಲೇ ಪ್ಲೇಟೋನ ‘ರಿಪಬ್ಲಿಕ್’ಗೆ ವ್ಯಾಖ್ಯಾನ ಬರೆಯಬೇಕಾಯಿತು. ಹೀಗಾಗಿ ಜ್ಞಾನಿಯಾದ ಅರಸ ಹೇಗಿರಬೇಕೆಂಬ ಪ್ಲೇಟೋನ ಮಾತು ಪೂರ್ವದ ಆಸ್ಥಾನಗಳಿಗೆ ತಲುಪಿತು, ಅದಕ್ಕೆ ಅವನ ಶಿಷ್ಯ ಅರಿಸ್ಟಾಟಲನೇ ಕೊಟ್ಟ ಮರುಮಾತು ತಲುಪಲಿಲ್ಲ. ವಾದದ ಅರ್ಧ ಮಾತ್ರ ಕೇಳಿದಂತಾಯಿತು. ನಿಮ್ಮ ಮೊದಲ ಪ್ರಶ್ನೆಗೂ ನನ್ನ ಉತ್ತರ ಇದರಲ್ಲೇ ಇದೆ: ಪ್ಲೇಟೋನನ್ನು ಓದಿ, ಆದರೆ ಒಂಟಿಯಾಗಿ ಓದಬೇಡಿ.

ಪ್ರಜಾಪ್ರಭುತ್ವದ ಮೇಲೆ ಪ್ಲೇಟೋನಿಗಿದ್ದ ಕೋಪಕ್ಕೆ ಕಾರಣವಿತ್ತು. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯೊಂದು ಅವನ ಗುರು ಸಾಕ್ರಟೀಸನಿಗೆ ಬಹುಮತದಿಂದ ಮರಣದಂಡನೆ ವಿಧಿಸಿತು. ಹಡಗು ನಡೆಸುವುದಕ್ಕೆ ನಕ್ಷತ್ರ, ಗಾಳಿ, ಋತುಗಳನ್ನು ಬಲ್ಲ ನಾವಿಕ ಬೇಕಿರುವಾಗ, ಒಡೆಯನನ್ನು ಪುಸಲಾಯಿಸಿದವನ ಕೈಗೆ ಚುಕ್ಕಾಣಿ ಕೊಡುವುದು ಯಾವ ವಿವೇಕ ಎಂದು ಅವನು ಕೇಳಿದ. ಚುನಾವಣೆಯ ಸಭೆಗಳನ್ನು ಕಂಡ ಯಾರೂ ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾರರು.

ಅರಿಸ್ಟಾಟಲ್ ಅದನ್ನು ತಳ್ಳಿಹಾಕದೆ ತಿರುಗಿಸಿದ. ಮನೆ ಹೇಗಿದೆಯೆಂಬುದನ್ನು ಕಟ್ಟಿದವನಿಗಿಂತ ವಾಸಿಸುವವನು ಚೆನ್ನಾಗಿ ಹೇಳಬಲ್ಲ, ಅಡುಗೆಯನ್ನು ಬಾಣಸಿಗನಿಗಿಂತ ಉಂಡವನು ಚೆನ್ನಾಗಿ ತೂಗಬಲ್ಲ ಎಂದ. ಊರಿನ ನೀರಿನ ಯೋಜನೆಯ ಲೆಕ್ಕ ಎಂಜಿನಿಯರಿಗೆ ತಿಳಿದಿರಬಹುದು. ನಳದಲ್ಲಿ ನೀರು ಬರುತ್ತದೆಯೋ ಇಲ್ಲವೋ ಎಂಬುದು ಕೊಡ ಹಿಡಿದು ನಿಂತವಳಿಗೇ ಗೊತ್ತು. (ಇದನ್ನು ಹೇಳಿದವನು ಕೆಲವರು ಹುಟ್ಟಾ ಗುಲಾಮರೆಂದೂ ವಾದಿಸಿದ್ದ ಎಂಬುದನ್ನು ಮರೆಮಾಚಲಾಗದು. ಅವನೂ ಅಥೆನ್ಸಿನಲ್ಲಿ ಪರಊರಿನವನಾಗಿ, ಪೌರತ್ವವಿಲ್ಲದೆ ಬದುಕಿದವನು.)

ಅವನ ಇನ್ನೊಂದು ಮಾತು ಪರೀಕ್ಷೆಗಿಂತ ಆಚೆಗೂ ಯೋಚಿಸಲು ತಕ್ಕದ್ದು. ಅಧಿಕಾರಿಗಳನ್ನು ಚೀಟಿ ಎತ್ತಿ ಆರಿಸುವುದು ಪ್ರಜಾಪ್ರಭುತ್ವದ ಲಕ್ಷಣ, ಚುನಾಯಿಸುವುದು ಕೆಲವರ ಆಳ್ವಿಕೆಯ ಲಕ್ಷಣ ಎಂದು ಅವನು ಬರೆದ. ಅಥೆನ್ಸಿನ 500 ಜನರ ಮಂಡಳಿ ಅದೃಷ್ಟದ ಆಯ್ಕೆಯಿಂದಲೇ ರಚನೆಯಾಗುತ್ತಿತ್ತು; ದಂಡನಾಯಕರಂಥ ಕೆಲವರನ್ನು ಮಾತ್ರ ಮತ ಹಾಕಿ ಆರಿಸುತ್ತಿದ್ದರು. 1748ರಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ ಇದೇ ಮಾತನ್ನು ಮತ್ತೆ ಹೇಳಿದ. 1787ರಲ್ಲಿ ಅಮೆರಿಕದ ಮ್ಯಾಡಿಸನ್, ಜನರೆಲ್ಲ ನೇರವಾಗಿ ಆಳುವ ವ್ಯವಸ್ಥೆಗೆ ಅಂಜಿ, ಪ್ರತಿನಿಧಿಗಳ ಸರ್ಕಾರವೇ ಮೇಲೆಂದು ವಾದಿಸಿದ. ಪ್ರಾಚೀನ ಅಥೆನ್ಸಿಗನೊಬ್ಬನಿಗೆ ನಮ್ಮ ವಿಧಾನಸಭೆಯನ್ನು ತೋರಿಸಿದರೆ ಅದನ್ನು ಅವನು ಪ್ರಜಾಪ್ರಭುತ್ವವೆಂದು ಕರೆಯುತ್ತಿದ್ದನೇ ಎಂಬುದು ನನಗೆ ಸಂಶಯ. ನಮ್ಮಲ್ಲಿ ಎಲ್ಲ ವಯಸ್ಕರಿಗೂ ಇರುವ ಮತದ ಹಕ್ಕು ಅವನಿಗೆ ಅದಕ್ಕಿಂತಲೂ ವಿಚಿತ್ರವೆನಿಸುತ್ತಿತ್ತು.

ಪ್ರಶ್ನೆ: ಶರಣರ ಅನುಭವ ಮಂಟಪವನ್ನು ಅಥೆನ್ಸಿನ ಜನಸಭೆಗೆ ಹೋಲಿಸುವುದು ಸರಿಯೇ?
– ಓದುಗರು, ಬಸವಕಲ್ಯಾಣ

ಉತ್ತರ: ಪೂರ್ತಿ ಸರಿಯಲ್ಲ. ಅಥೆನ್ಸಿನ ಸಭೆ ಯುದ್ಧವನ್ನೂ ಕಾನೂನನ್ನೂ ತೀರ್ಮಾನಿಸುತ್ತಿತ್ತು. ಶರಣರ ಗೋಷ್ಠಿಗೆ ಅಂಥ ರಾಜ್ಯಾಧಿಕಾರವಿರಲಿಲ್ಲ. ಆದರೆ ಆ ಸಭೆಯಲ್ಲಿ ಹೆಂಗಸರಿಗೂ ಗುಲಾಮರಿಗೂ ಸ್ಥಳವಿರಲಿಲ್ಲ, ಇಲ್ಲಿ ಆಯ್ದಕ್ಕಿ ಲಕ್ಕಮ್ಮ, ಅಂಬಿಗರ ಚೌಡಯ್ಯ ಮಾತನಾಡಿದರು. ಹೋಲಿಸಲೇಬೇಕೆಂದರೆ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಕ್ರಿ.ಪೂ. 306ರ ಸುಮಾರಿಗೆ ಅಥೆನ್ಸಿನಲ್ಲಿ ತೆರೆದ ‘ತೋಟ’ವನ್ನು ನೋಡಿ, ರಾಜಕೀಯದಿಂದ ದೂರವಿದ್ದ ಆ ಕೂಟಕ್ಕೆ ಹೆಂಗಸರೂ ಗುಲಾಮರೂ ಬರುತ್ತಿದ್ದರು. ಎಪಿಕ್ಯೂರಸನ ತೋಟದವರು ಅರಸರ ಗೊಡವೆಗೆ ಹೋಗಲಿಲ್ಲ. ಕಲ್ಯಾಣದವರನ್ನು ಅರಸರು ಸುಮ್ಮನೆ ಬಿಡಲಿಲ್ಲ.